1500ಡಿ ಮೇಲೆ ಟ್ರಿಗರ್ ಹಾಕಿದ್ರೆ ಫ್ಲಾಶ್ ಹೊಡೀತಿಲ್ಲ, ಆಫ್ ಕ್ಯಾಮೆರಾ ಫ್ಲಾಶ್ (ಕ್ಯಾಮೆರಾದಿಂದ ದೂರ ಇಟ್ಟು ಹೊಡಿಯೋದು) ಎಲ್ಲಿಂದ ಶುರು ಮಾಡೋದು?

ತಿಪಟೂರ್_ಕ್ಲಿಕ್ಸ್:
ಎಲ್ರಿಗೂ ನಮಸ್ಕಾರ. ನನ್ನ ಹತ್ರ ಇರೋದು ಕ್ಯಾನನ್ 1500ಡಿ, ಕಿಟ್ ಲೆನ್ಸು ಮತ್ತೆ 50ಎಂಎಂ 1.8. ನಾಮಕರಣ, ಸೀಮಂತ, ಸಣ್ಣಪುಟ್ಟ ಪ್ರೀ ವೆಡ್ಡಿಂಗ್ ಮಾಡ್ತೀನಿ. ಸಂಜೆ ಕೆರೆ ಏರಿ ಮೇಲೆ ಜೋಡಿನ ನಿಲ್ಸಿ ತೆಗೆದ್ರೆ ಆಕಾಶದ ಬಣ್ಣ ಬಂತು ಅಂದ್ರೆ ಮುಖ ಕಪ್ಪು, ಮುಖ ಸರಿ ಮಾಡಿದ್ರೆ ಆಕಾಶ ಬಿಳಿ ಪೇಪರ್ ಥರ ಆಗೋಗತ್ತೆ. ಇನ್‌ಸ್ಟಾದಲ್ಲಿ ಎರಡೂ ಚೆನ್ನಾಗಿರೋ ಫೋಟೋ ನೋಡಿ ನೋಡಿ ಗೋಡಾಕ್ಸ್ ಟಿಟಿ600 ಫ್ಲಾಶ್ ತಗೊಂಡೆ, ಅಂಗಡಿಯವ್ರು ಎಲ್ಲಾ ಕ್ಯಾಮೆರಾಗೂ ಆಗತ್ತೆ ಅಂತ ದೂರದಿಂದ ಫ್ಲಾಶ್ ಹೊಡ್ಸೋಕೆ ಒಂದು ಸಣ್ಣ ಟ್ರಿಗರ್-ರಿಸೀವರ್ ಜೋಡಿನೂ ಕೊಟ್ರು. ಟ್ರಿಗರ್ ಮೇಲಿರೋ ಟೆಸ್ಟ್ ಬಟನ್ ಒತ್ತಿದ್ರೆ ಫ್ಲಾಶ್ ಹೊಡಿಯತ್ತೆ, ಕ್ಯಾಮೆರಾ ಕ್ಲಿಕ್ ಮಾಡಿದ್ರೆ ಏನೂ ಇಲ್ಲ. ಫ್ಲಾಶ್‌ನ ನೇರ ಕ್ಯಾಮೆರಾ ಮೇಲೆ ಹಾಕಿದ್ರೂ ಅದೇ ಕಥೆ. ಹಾಟ್ ಶೂ (ಕ್ಯಾಮೆರಾ ಮೇಲೆ ಫ್ಲಾಶ್ ಕೂರೋ ಜಾಗ) ಕೆಟ್ಟೋಗಿದ್ಯಾ? ಸರ್ವಿಸ್‌ಗೆ ಕೊಡ್ಬೇಕಾ? ಮತ್ತೆ ಬೆಳಕು ಮೆತ್ತಗೆ ಮಾಡೋಕೆ ಸಾಫ್ಟ್‌ಬಾಕ್ಸ್ ತಗೊಳ್ಲಾ ಅಂಬ್ರೆಲಾ ತಗೊಳ್ಲಾ, ಟಿಟಿಎಲ್ (ಪವರ್ ಎಷ್ಟು ಬೇಕು ಅಂತ ತಾನೇ ಲೆಕ್ಕ ಹಾಕೋದು) ಇರೋ ಫ್ಲಾಶೇ ಬೇಕಿತ್ತಾ? ಇನ್ನೊಂದು ಐದಾರು ಸಾವಿರ ಹಾಕ್ಬಹುದು ಅಷ್ಟೇ.

ಹಳೇಸ್ಟುಡಿಯೋ_ಮೈಸೂರು:
ಕ್ಯಾಮೆರಾ ಚೆನ್ನಾಗೇ ಇದೆ, ಸರ್ವಿಸ್ ಗಿರ್ವಿಸ್ ಏನೂ ಬೇಡ. ಹಾಟ್ ಶೂ ಒಳಗೆ ಒಂದ್ಸಲ ನೋಡಿ, ಮಧ್ಯದಲ್ಲಿ ಒಂದು ದಪ್ಪ ಚುಕ್ಕೆ ಇರ್ಬೇಕಿತ್ತು, ನಿಮ್ದರಲ್ಲಿ ಆ ಜಾಗ ಖಾಲಿ. 1500ಡಿ, 3000ಡಿ, 200ಡಿ ಮಾರ್ಕ್ 2 ಇವುಗಳಲ್ಲಿ ಕ್ಯಾನನ್‌ನವ್ರು ಆ ಮಧ್ಯದ ಪಿನ್ನೇ ತೆಗೆದುಬಿಟ್ಟಿದ್ದಾರೆ. ಟಿಟಿ600ಗೂ ಆ ಸಾದಾ ಟ್ರಿಗರ್‌ಗೂ ಸಿಗ್ನಲ್ ಬರೋದೇ ಆ ಪಿನ್ನಿಂದ, ಹಾಗಾಗಿ ಜನ್ಮದಲ್ಲಿ ಹೊಡಿಯಲ್ಲ. ಆ ಟ್ರಿಗರ್ ವಾಪಸ್ ಕೊಡಿ. ಟಿಟಿ600 ಒಳಗೇ ಗೋಡಾಕ್ಸ್ ರೇಡಿಯೋ ರಿಸೀವರ್ ಇದೆ, ಬೇರೆ ರಿಸೀವರ್ ಬೇಕಾಗೇ ಇಲ್ಲ, ಗೋಡಾಕ್ಸ್‌ದೇ ಕ್ಯಾನನ್ ಟ್ರಿಗರ್, ಹೆಸರಿನ ಕೊನೇಲಿ ಸಿ ಅಂತ ಇರೋದು, ಒಂದು ಸಾಕು. ತಗೊಳ್ಳೋವಾಗ ಕ್ಯಾಮೆರಾ ಬಾಡಿ ಮತ್ತೆ ಫ್ಲಾಶ್ ಎರಡೂ ಅಂಗಡಿಗೆ ತಗೊಂಡೋಗಿ ಅಲ್ಲೇ ಹೊಡ್ಸಿ ನೋಡಿ, ಹಳೇ ಸ್ಟಾಕ್ ಆದ್ರೆ ಫರ್ಮ್‌ವೇರ್ (ಟ್ರಿಗರ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಕೇಳ್ಬಹುದು.

ಅಲ್ಲಿವರ್ಗೂ ಸುಮ್ನೆ ಕೂರ್ಬೇಡಿ. ಫ್ಲಾಶ್‌ನ ಎಸ್2 ಮೋಡ್‌ಗೆ ಹಾಕಿ, ಕ್ಯಾಮೆರಾದ ಪಾಪ್‌ಅಪ್ ಫ್ಲಾಶ್ ಎತ್ತಿ ಕ್ಲಿಕ್ ಮಾಡಿ, ಅದರ ಬೆಳಕು ನೋಡಿ ಇದೂ ಹೊಡಿಯತ್ತೆ. ಎಸ್1 ಹಾಕಿದ್ರೆ ಪಾಪ್‌ಅಪ್‌ನ ಪ್ರೀ ಫ್ಲಾಶ್‌ಗೇ (ಫೋಟೋಗೆ ಮೊದ್ಲು ಬೆಳಕು ಅಳೆಯೋಕೆ ಹೊಡಿಯೋ ಸಣ್ಣ ಮಿಂಚು) ಹೊಡ್ದು ಮುಗಿಸಿಬಿಡತ್ತೆ, ಫೋಟೋದಲ್ಲಿ ಬೆಳಕೇ ಇರಲ್ಲ. ಮನೆ ಒಳಗೆ ಪ್ರಾಕ್ಟೀಸ್‌ಗೆ ಇದು ಧಾರಾಳ ಸಾಕು, ಬಿಸಿಲಲ್ಲಿ ನಂಬೋ ಹಾಗಿಲ್ಲ.

ನೆರಳುಬೆಳಕು:
ಕೆರೆ ಏರಿ ಫೋಟೋ ಬಗ್ಗೆ ಹೇಳ್ತೀನಿ. ಮೊದ್ಲು ಫ್ಲಾಶ್ ಆಫ್ ಮಾಡಿ. ಕ್ಯಾಮೆರಾ ಮ್ಯಾನುಯಲ್, ಐಎಸ್‌ಒ 100, ಶಟರ್ 1/200, ಈಗ ಅಪರ್ಚರ್ (ಲೆನ್ಸ್ ಒಳಗಿನ ಬೆಳಕಿನ ಕಿಂಡಿ) ತಿರುಗ್ಸುತ್ತಾ ಬರೀ ಆಕಾಶ ನೋಡ್ಕೊಂಡು ನಿಮ್ಗೆ ಬೇಕಾದ ಬಣ್ಣ ಬರೋವರ್ಗೂ ಹೋಗಿ, ಜನ ಕಪ್ಪಾಗಿ ಕಂಡ್ರೆ ಕಾಣ್ಲಿ, ಆಮೇಲೆ ಫ್ಲಾಶ್ ಆನ್ ಮಾಡಿ 1/4 ಪವರಲ್ಲಿ ಒಂದು ಹೊಡೀರಿ. ಮುಖ ಜಾಸ್ತಿ ಬೆಳ್ಳಗಾದ್ರೆ 1/8, ಸಾಲ್ದಿದ್ರೆ 1/2. ಕತ್ತಲಾಗ್ತಾ ಆಗ್ತಾ ಆಕಾಶ ಕಪ್ಪಾಗತ್ತಲ್ಲ, ಆಗ ಶಟರ್ ಮಾತ್ರ 1/125, 1/60 ಅಂತ ಇಳಿಸ್ಕೊಂಡು ಬನ್ನಿ, ಮುಖದ ಬೆಳಕು ಹೆಚ್ಚುಕಮ್ಮಿ ಹಾಗೇ ಇರತ್ತೆ, ಯಾಕಂದ್ರೆ ಫ್ಲಾಶ್ ಹೊಡಿಯೋದು ಕಣ್ಣು ಮಿಟುಕಿಸೋದ್ರೊಳಗೆ, ಶಟರ್ ಎಷ್ಟು ಹೊತ್ತು ತೆಗೆದಿದ್ರೂ ಅದಕ್ಕೆ ಏನೂ ಆಗ್ಬೇಕಾಗಿಲ್ಲ. ಅಪರ್ಚರ್ ಇಲ್ಲಾ ಐಎಸ್‌ಒ ಮುಟ್ಟಿದ್ರೆ ಆಕಾಶ, ಮುಖ ಎರಡೂ ಬದಲಾಗತ್ತೆ. ಇದು ಒಂದು ಗೊತ್ತಾದ್ರೆ ಅರ್ಧ ಕೆಲಸ ಮುಗೀತು.

1/200 ಯಾಕೆ ಅಂದ್ರೆ ನಿಮ್ಮ ಬಾಡಿಯ ಸಿಂಕ್ ಸ್ಪೀಡ್ ಅದು, ಅಂದ್ರೆ ಫ್ಲಾಶ್ ಜೊತೆ ಸರಿಯಾಗಿ ನಡಿಯೋ ಅತಿ ವೇಗದ ಶಟರ್. ಅದಕ್ಕಿಂತ ಮೇಲೆ ಹೋಗ್ಬೇಕು ಅಂದ್ರೆ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸಿಂಕ್) ಮೋಡ್ ಬೇಕು, ಅದು ಫ್ಲಾಶ್‌ನ ಪವರ್ ತಿಂದುಹಾಕತ್ತೆ. ನಾಲ್ಕು ಗಂಟೆ ಬಿಸಿಲಿಗೇ ಹೋಗಿ ನಿಲ್ಬೇಡಿ, ಪೂರ್ತಿ ಬಿಸಿಲಲ್ಲಿ ಐಎಸ್‌ಒ 100, 1/200ಕ್ಕೆ ಅಪರ್ಚರ್ ಎಫ್11 ಹತ್ರ ಹೋಗ್ಬೇಕಾಗತ್ತೆ, ಅಂಬ್ರೆಲಾ ಹಿಂದಿರೋ ಒಂದು ಸಣ್ಣ ಫ್ಲಾಶ್ ಅಲ್ಲಿ ಸೋಲತ್ತೆ. ಸೂರ್ಯ ಇಳೀಲಿ.

ಟಿಟಿಎಲ್ ಬೇಡ. ಮ್ಯಾನುಯಲಲ್ಲಿ ಕಲ್ತೋರಿಗೆ ಯಾವ ಫ್ಲಾಶ್ ಕೊಟ್ರೂ ನಡಿಯತ್ತೆ.

ಧಾರವಾಡ_ಫೋಟೋವಾಲಾ:
ಟಿಟಿಎಲ್ ಬ್ಯಾಡ ಅನ್ನೋದು ನಂಗ ಒಪ್ಪಿಗಿ ಇಲ್ರಿ. ನಿಂತ ಜೋಡಿಗೆ ಮ್ಯಾನುಯಲ್ ಸರಿ, ಆದ್ರ ಸೀಮಂತದಾಗ ಆರತಿ ಮಾಡೋರು ಒಂದು ಸಲ ಹತ್ರ ಬರ್ತಾರ, ಒಂದು ಸಲ ದೂರ ಹೋಗ್ತಾರ, ಅಷ್ಟರಾಗ ಪವರ್ ತಿರುವಿಕೋತ ಕೂತ್ರ ಮುಖ್ಯ ಫೋಟೋನ ಹೋತು. ಫಂಕ್ಷನ್ ಭಾಳ ಮಾಡೋರು ಆದ್ರ ಮುಂದ ಒಂದು ಟಿಟಿಎಲ್ ತಗೋರಿ, ಈಗ ಅವಸರ ಇಲ್ಲ.

ಸಾಫ್ಟ್‌ಬಾಕ್ಸಿಗೆ ರೊಕ್ಕ ಹಾಕಬ್ಯಾಡ್ರಿ. ಬಿಳಿ ಅಂಬ್ರೆಲಾ, ಒಂದು ಸ್ಟ್ಯಾಂಡ್, ಒಂದು ಬ್ರಾಕೆಟ್, ಮುಗೀತು. ಕೆರಿ ದಂಡ್ಯಾಗ ಗಾಳಿ ಭಾಳ ಇರ್ತದ, ಸ್ಟ್ಯಾಂಡಿನ ಕಾಲಿಗೆ ಮರಳು ಚೀಲ ಕಟ್ರಿ, ಇಲ್ಲಾಂದ್ರ ಒಬ್ಬ ಹುಡುಗನ್ನ ಹಿಡಿಲಿಕ್ಕೆ ನಿಲ್ಲಸ್ರಿ, ಅದ ಎಲ್ಲಾಕ್ಕಿಂತ ಚಲೋ, ಹೇಳಿದ ಕಡೆ ಸರಿತಾನ. ಅಂಬ್ರೆಲಾ ಮುಖಕ್ಕ ಹತ್ರ ಇದ್ದಷ್ಟು ಬೆಳಕು ಮೆತ್ತಗ. ಆದ್ರ ಜೋಡಿ ಇದ್ದಾಗ ಭಾಳ ಹತ್ರ ಒಂದ ಬಾಜೂಕ ಇಟ್ರ ಆ ಕಡೆ ನಿಂತವ್ರ ಮುಖಕ್ಕ ಜಾಸ್ತಿ, ಈ ಕಡೆ ಇರೋರಿಗೆ ಕಡಿಮಿ ಬೀಳ್ತದ. ಆಗ ಸ್ವಲ್ಪ ಹಿಂದ ಸರಸ್ರಿ. 1 ಮೀಟರಿಂದ 2 ಮೀಟರಿಗೆ ಹೋದ್ರ ಬೆಳಕು ನಾಲ್ಕನೇ ಒಂದು ಪಾಲು ಉಳಿತದ, ಅಂದ್ರ ಫ್ಲಾಶ್ ಪವರ್ 1/16 ಇದ್ದದ್ದು 1/4 ಮಾಡಬೇಕು.

ಇನ್ನೊಂದು, ಫ್ಲಾಶಿನ ಬೆಳಕು ಮಧ್ಯಾಹ್ನದ ಬಿಸಿಲಿನ ಬಣ್ಣದ್ದು. ಸಂಜೀ ಕೆಂಪು ಆಕಾಶದ ಮುಂದ ಮುಖ ಸುಣ್ಣ ಬಳದಂಗ ಕಾಣಿಸ್ತದ. ಫ್ಲಾಶಿಗೆ ಅರ್ಧ ಸಿಟಿಒ ಜೆಲ್ (ಕಿತ್ತಳೆ ಬಣ್ಣದ ತೆಳು ಹಾಳಿ) ಹಚ್ರಿ, ಕಡಿಮಿ ರೇಟಿಗೆ ಸಿಗ್ತದ, ಅದರಿಂದ ಆಗೋ ಫರಕು ಭಾಳ ದೊಡ್ಡದು.

ತಿಪಟೂರ್_ಕ್ಲಿಕ್ಸ್:
ಮೈಸೂರು ಸರ್, ಪಿನ್ ನಿಜವಾಗ್ಲೂ ಇಲ್ಲ! ಎಸ್2 ಹಾಕಿ ಮನೇಲಿ ಅಕ್ಕನ ಮಗಳನ್ನ ಕೂರ್ಸಿ ಟ್ರೈ ಮಾಡ್ದೆ, ಹೊಡೀತು. ಒಂದೇ ತೊಂದ್ರೆ, ಅಕ್ಕ ಕನ್ನಡಕ ಹಾಕ್ಕೊಂಡು ಪಕ್ಕ ಕೂತಾಗ ಗಾಜಲ್ಲಿ ಫ್ಲಾಶ್ ಕಾಣ್ಸತ್ತೆ. ರೇಷ್ಮೆ ಸೀರೆ ಜರಿನೂ ಒಂದೊಂದು ಕಡೆ ಹೊಳೆದು ಫೋಟೋದಲ್ಲಿ ಬರೀ ಬಿಳಿ ಆಗೋಗಿದೆ.

ನೆರಳುಬೆಳಕು:
ಎರಡಕ್ಕೂ ಮದ್ದು ಒಂದೇ, ಫ್ಲಾಶ್‌ನ ಇನ್ನೂ ಮೇಲಕ್ಕೆತ್ತಿ ಪಕ್ಕಕ್ಕೆ ತನ್ನಿ. ಬೆಳಕು ಯಾವ ಕೋನದಲ್ಲಿ ಬಿತ್ತೋ ಅದೇ ಕೋನದಲ್ಲಿ ಆ ಕಡೆ ಹೋಗತ್ತೆ, ಅದರ ದಾರೀಲಿ ನಿಮ್ಮ ಲೆನ್ಸ್ ಇರ್ಬಾರ್ದು. ಅಕ್ಕಂಗೆ ಗದ್ದ ಒಂಚೂರು ಇಳಿಸೋಕೆ ಹೇಳಿ. ಮನೆ ಒಳಗಿನ ಚಾವಣಿಗೆ ಬಿಳಿ ಬಣ್ಣ ಇದ್ರೆ ಫ್ಲಾಶ್ ತಲೆನ ಮೇಲಕ್ಕೆ ತಿರುಗ್ಸಿ ಅಲ್ಲಿಗೇ ಹೊಡ್ದು ನೋಡಿ, ಜರಿ ಹೊಳಪು ಎಷ್ಟೋ ಕಮ್ಮಿ ಆಗತ್ತೆ. ಹಸಿರು ಬಣ್ಣದ ಗೋಡೆಗೆ ಮಾತ್ರ ಹೊಡೀಬೇಡಿ, ಮುಖ ಎಲ್ಲಾ ಹಸಿರು.

ಹಳೇಸ್ಟುಡಿಯೋ_ಮೈಸೂರು:
ಸೆಲ್ ಮರೀಬೇಡಿ. ರಿಮೋಟ್‌ಗೆ ಹಾಕೋ ಸಾದಾ ಸೆಲ್ ಹಾಕಿದ್ರೆ ಫುಲ್ ಪವರಲ್ಲಿ ಒಂದು ಹೊಡ್ದು ಮತ್ತೆ ರೆಡಿ ಆಗೋಷ್ಟರಲ್ಲಿ ಮುಹೂರ್ತ ಮುಗ್ದಿರತ್ತೆ. ರೀಚಾರ್ಜ್ ಆಗೋ ಎನ್‌ಐಎಂಎಚ್ ಎಎ ಸೆಲ್ ಎಂಟು ತಗೊಳಿ, ನಾಲ್ಕು ಫ್ಲಾಶಲ್ಲಿ, ನಾಲ್ಕು ಜೇಬಲ್ಲಿ.