ಕಕ್ಕಡದ ಚಳಿ, ತೊಟ್ಟಿಯ ಮೀನು: ಮೀನು ವೈದ್ಯರೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಕಕ್ಕಡ ಬಂತು, ಕೊಡಗಿನ ಜೋರು ಮಳೆಯ ತಿಂಗಳು. ಇಂದು ಸಂಜೆ ನಮ್ಮ ಬಳಗದ ಮೀನು ವೈದ್ಯರು ಉತ್ತರಿಸುತ್ತಾರೆ. ವಿಷಯ ತೊಟ್ಟಿಯ ನೀರಿನ ಉಷ್ಣಾಂಶ. ಎಷ್ಟು ಲೀಟರಿನ ತೊಟ್ಟಿ, ಯಾವ ಮೀನು ಎಂಬುದನ್ನು ತಪ್ಪದೆ ಬರೆಯಿರಿ.

ವಿರಾಜಪೇಟೆ ಸದಸ್ಯ: ನಮಸ್ಕಾರ ಸರ್. 60 ಲೀಟರ್, ಗಪ್ಪಿಗಳು. ಎಷ್ಟು ವಾಟ್‌ನ ಹೀಟರ್ ಬೇಕು?

ವೈದ್ಯರು: ನಮಸ್ಕಾರ. ನೀರು ಕೋಣೆಗಿಂತ ಎಷ್ಟು ಬೆಚ್ಚಗಿರಬೇಕು ಎಂಬುದೇ ಲೆಕ್ಕ. ಐದು ಡಿಗ್ರಿ ಏರಿಸಲು ಲೀಟರಿಗೆ ಸುಮಾರು 1 ವಾಟ್, ಹತ್ತು ಡಿಗ್ರಿಗೆ ಅದರ ಎರಡರಷ್ಟು. ನಿಮ್ಮ ಕೋಣೆ 19ಕ್ಕೆ ಇಳಿದರೂ ಗಪ್ಪಿಗೆ 24 ಸಾಕು. 75 ವಾಟ್‌ನದು ತನ್ನಿ. ತೊಟ್ಟಿಗೆ ಮುಚ್ಚಳ ಇರಲಿ.

ಮಡಿಕೇರಿ ಸದಸ್ಯ: ಡಾಕ್ಟರೇ, ಗಾಜಿನ ಹೊರಗೆ ಅಂಟಿಸಿದ ಪಟ್ಟಿ 22 ತೋರಿಸುತ್ತದೆ. ಅಡುಗೆಮನೆಯ ಕಡ್ಡಿ ಥರ್ಮಾಮೀಟರನ್ನು ನೀರಿಗಿಳಿಸಿದರೆ 25. ಅದನ್ನೇ ಕುದಿಯುವ ನೀರಿನಲ್ಲಿಟ್ಟಾಗ 96ಕ್ಕೆ ನಿಂತಿತು. ನಾಲ್ಕು ಡಿಗ್ರಿ ತಪ್ಪು ತೋರಿಸುವುದನ್ನು ಹೇಗೆ ನಂಬಲಿ?

ವೈದ್ಯರು: ನಿಮ್ಮ ಕಡ್ಡಿ ಸರಿಯಾಗಿಯೇ ಇದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದೇ 96ರ ಆಸುಪಾಸಿನಲ್ಲಿ. ಪರೀಕ್ಷಿಸಬೇಕಾದರೆ ಲೋಟದ ತುಂಬ ಪುಡಿ ಮಂಜುಗಡ್ಡೆ ತುಂಬಿ, ಸ್ವಲ್ಪ ನೀರು ಬೆರೆಸಿ ಕಲಕಿ. ಎಲ್ಲ ಊರಿನಲ್ಲೂ ಅದು ಸೊನ್ನೆಯೇ. ಹೊರಗಿನ ಪಟ್ಟಿಗೆ ಕೋಣೆಯ ಚಳಿಯೂ ತಗಲುತ್ತದೆ. ಅದನ್ನು ನೆಚ್ಚಿ ಹೀಟರ್ ತಿರುಗಿಸಬೇಡಿ. ತೊಟ್ಟಿಗೆ ಬಳಸುವ ಗಾಜಿನ ಥರ್ಮಾಮೀಟರನ್ನು ಯಾರೂ ಕುದಿಯುವ ನೀರಿಗೆ ಹಾಕಬೇಡಿ, ಒಡೆಯುತ್ತದೆ.

ಪೊನ್ನಂಪೇಟೆ ಸದಸ್ಯ: ಡಿಸ್ಕಸ್ ಸಾಕಿದ್ದೇನೆ, 200 ಲೀಟರ್. ಮನೆಯ ಇನ್ವರ್ಟರ್‌ನಿಂದ ಹೀಟರ್ ಎಷ್ಟು ಹೊತ್ತು ನಡೆಯಬಹುದು?

ಸುಂಟಿಕೊಪ್ಪ ಸದಸ್ಯ: ಎಷ್ಟು ವಾಟ್ ಹೀಟರ್ ಬೇಕು ಸರ್? 40 ಲೀಟರ್.

ವೈದ್ಯರು: ಮೇಲೆ ಬರೆದಿದ್ದೇನೆ.

ಮಡಿಕೇರಿ ಸದಸ್ಯೆ: ಸರ್, ಗಾಬರಿಯಲ್ಲಿ ಬರೆಯುತ್ತಿದ್ದೇನೆ. 100 ಲೀಟರ್, ನಾಲ್ಕು ಏಂಜೆಲ್, ಹನ್ನೆರಡು ನಿಯಾನ್ ಟೆಟ್ರಾ. ಗಾಳಿಮಳೆಗೆ ಎರಡು ದಿನ ಕರೆಂಟ್ ಇರಲಿಲ್ಲ. ನೀರು 18ಕ್ಕೆ ಇಳಿಯಿತು. ಬಚ್ಚಲ ಹಂಡೆಯ ಬಿಸಿನೀರನ್ನು ದಿನಕ್ಕೆ ಮೂರು ಸಲ ಸುರಿದು 26ಕ್ಕೆ ತಂದೆ. ನಿನ್ನೆ ರಾತ್ರಿ ಕರೆಂಟ್ ಬಂತು, ಹೀಟರನ್ನು 28ಕ್ಕೆ ಇಟ್ಟೆ. ಈಗ ನೀರು ಬೆಚ್ಚಗಿದೆ. ಆದರೆ ಏಂಜೆಲ್‌ಗಳು ಮೇಲೆ ಬಂದು ಬಾಯಿ ಬಿಡುತ್ತಿವೆ. ಎರಡು ಟೆಟ್ರಾ ಸತ್ತವು. ಬಿಳಿಚುಕ್ಕೆ ರೋಗದ ಔಷಧ ಹಾಕಲು ಅಂಗಡಿಯವರು ಹೇಳಿದರು.

ವೈದ್ಯರು: ಅಮ್ಮಾ, ಔಷಧ ಹಾಕಬೇಡಿ. ಮೈಮೇಲೆ ರವೆಯಂಥ ಬಿಳಿ ಕಾಳುಗಳಿವೆಯೇ? ಹಂಡೆ ತಾಮ್ರದ್ದೇ? ಫಿಲ್ಟರಿನ ಸ್ಪಂಜನ್ನು ಹೊರತೆಗೆದು ಮೂಸಿ ನೋಡಿ. ಮೊದಲು ಇಷ್ಟು ಹೇಳಿ.

ಮಡಿಕೇರಿ ಸದಸ್ಯೆ: ಚುಕ್ಕೆ ಇಲ್ಲ. ಹಂಡೆ ಅಜ್ಜಿಯ ಕಾಲದ ತಾಮ್ರದ್ದು. ಸ್ಪಂಜು ಕೊಳೆತ ಮೊಟ್ಟೆಯಂತೆ ನಾರುತ್ತಿದೆ.

ವೈದ್ಯರು: ಹಾಗಾದರೆ ಈಗ ಕೊಲ್ಲುತ್ತಿರುವುದು ಚಳಿಯಲ್ಲ. ಸ್ಪಂಜಿನಲ್ಲಿ ಮೀನಿನ ಹೊಲಸನ್ನು ಅರಗಿಸುವ ಬ್ಯಾಕ್ಟೀರಿಯಾ ಇರುತ್ತವೆ. ನೀರು ಹರಿಯದಿದ್ದರೆ ಅವಕ್ಕೆ ಆಮ್ಲಜನಕ ಸಿಗುವುದಿಲ್ಲ. ಎರಡು ದಿನದಲ್ಲಿ ಸತ್ತು ಕೊಳೆತವು. ಕರೆಂಟ್ ಬಂದೊಡನೆ ಆ ಕೊಳೆ ತೊಟ್ಟಿಗೆ ನುಗ್ಗಿತು. ಈಗ ನೀರಿನಲ್ಲಿ ಆ ಹೊಲಸಿನ ಅಮೋನಿಯಾ ಇದ್ದೇ ಇರುತ್ತದೆ, ನೀರು ಬಿಸಿಯಾದಷ್ಟೂ ಅದರ ವಿಷ ಹೆಚ್ಚು. ಜೊತೆಗೆ ತಾಮ್ರ. ನಮ್ಮ ಕಡೆಯ ಮೆದು ನೀರಿನಲ್ಲಿ ತಾಮ್ರ ಮೀನಿನ ಕಿವಿರನ್ನು ಬೇಗ ಕೆಡಿಸುತ್ತದೆ. ಇದರ ಮೇಲೆ 18ರಿಂದ 26ಕ್ಕೆ ಒಮ್ಮೆಲೇ ಜಿಗಿತ, ದಿನಕ್ಕೆ ಮೂರು ಸಲ. ನಿಧಾನವಾಗಿ ಬಂದ 20 ಡಿಗ್ರಿಯನ್ನು ಏಂಜೆಲ್ ಕೆಲವು ದಿನ ತಡೆದುಕೊಳ್ಳುತ್ತದೆ, ಈ ಜಿಗಿತವನ್ನು ತಡೆಯಲಾರದು.

ಇನ್ನೊಂದು ಮಾತು, ಬಿಸಿ ನೀರು ಆಮ್ಲಜನಕವನ್ನು ಕಡಿಮೆ ಹಿಡಿಯುತ್ತದೆ. ಸಮುದ್ರಮಟ್ಟದಲ್ಲಿ 20 ಡಿಗ್ರಿಯ ಒಂದು ಲೀಟರಿನಲ್ಲಿ ಹೆಚ್ಚೆಂದರೆ 9 ಮಿಲಿಗ್ರಾಂ, 28ರಲ್ಲಿ 8ಕ್ಕಿಂತ ಕಡಿಮೆ. ಮಡಿಕೇರಿಯ ಎತ್ತರದಲ್ಲಿ ಇನ್ನೂ ಕಡಿಮೆ. ಅದಕ್ಕೇ ಅವು ಮೇಲೆ ಬಂದು ಬಾಯಿ ಬಿಡುತ್ತಿರುವುದು.

ಈಗಲೇ ಹೀಟರಿನ ಪ್ಲಗ್ ಕಿತ್ತು ಕಾಲು ಗಂಟೆ ಬಿಡಿ. ನೀರು ಇಳಿದಾಗ ಉರಿಯುತ್ತಿದ್ದರೆ ಗಾಜು ಸಿಡಿಯುತ್ತದೆ. 30 ಲೀಟರ್ ಹೊರತೆಗೆಯಿರಿ. ಆ ನೀರಿನಲ್ಲೇ ಸ್ಪಂಜನ್ನು ಹಿಂಡಿ, ನಲ್ಲಿಯಡಿ ಬೇಡ. ಹೊಸ ನೀರನ್ನು ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿ, ಬಕೆಟ್ಟಿನಲ್ಲಿ ಬೆರೆಸಿ, ಅಳೆದು, ತೊಟ್ಟಿಯಷ್ಟೇ ಬಿಸಿ ಇದ್ದಾಗ ನಿಧಾನವಾಗಿ ಹಾಕಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಬೆರೆಸಿ. ಏರ್ ಪಂಪ್ ಜೋರಾಗಿಡಿ. ಸಕ್ರಿಯ ಇದ್ದಿಲು ಸಿಕ್ಕರೆ ಫಿಲ್ಟರಿಗೆ ಹಾಕಿ, ತಾಮ್ರವನ್ನು ಒಂದಿಷ್ಟು ಹೀರುತ್ತದೆ. ಎರಡು ದಿನ ಆಹಾರ ಕೊಡಬೇಡಿ. ಹೀಟರನ್ನು ದಿನಕ್ಕೆ ಒಂದೊಂದೇ ಡಿಗ್ರಿ ಇಳಿಸಿ 25ಕ್ಕೆ ತನ್ನಿ. ನಾಳೆಯೂ 30 ಲೀಟರ್ ಬದಲಿಸಿ.

ಸುಂಟಿಕೊಪ್ಪ ಸದಸ್ಯ: ಬೇರೆ ಗುಂಪಿನಿಂದ ಬಂದದ್ದು: "ಕರೆಂಟ್ ಹೋದರೆ ಅರಿಶಿನ, ಕಲ್ಲುಪ್ಪು, ಮದ್ದುಸೊಪ್ಪಿನ ಕಷಾಯ ಬೆರೆಸಿ. ಮೀನಿಗೆ ಚಳಿ ತಗಲದು."

ವೈದ್ಯರು: ದಯವಿಟ್ಟು ಅಳಿಸಿ. ಕಕ್ಕಡ 18ಕ್ಕೆ ಔಷಧಿ ಗಿಡವಾದ ಮದ್ದುಸೊಪ್ಪಿನ ಪಾಯಸವನ್ನು ನಾನೂ ಉಣ್ಣುತ್ತೇನೆ, ಅದು ಮನುಷ್ಯರಿಗೆ. ಮೀನು ಆ ನೀರನ್ನೇ ಉಸಿರಾಡುತ್ತದೆ. ಕಷಾಯ ನೀರಿನಲ್ಲಿ ಕೊಳೆತು ಇದ್ದ ಆಮ್ಲಜನಕವನ್ನೂ ತಿಂದುಬಿಡುತ್ತದೆ. ಕರೆಂಟ್ ಹೋದರೆ ತೊಟ್ಟಿಯ ಮೂರು ಬದಿಗೆ ಥರ್ಮೋಕೋಲ್ ಇಟ್ಟು ಕಂಬಳಿ ಹೊದಿಸಿ. ಬ್ಯಾಟರಿಯ ಏರ್ ಪಂಪ್ ಹಚ್ಚಿ. ಮುಚ್ಚಿದ ಬಾಟಲಿಯಲ್ಲಿ ಬಿಸಿನೀರು ತುಂಬಿ ತೇಲಿಬಿಡಿ. ಇದಕ್ಕೆ ಕಷಾಯ ಯಾಕೆ?

ಕುಶಾಲನಗರ ಸದಸ್ಯ: ಗೋಲ್ಡ್‌ಫಿಶ್ ಸಾಕಿ. ಹೀಟರಿನ ತಲೆನೋವೇ ಇಲ್ಲ.

ಸೋಮವಾರಪೇಟೆ ಸದಸ್ಯ: ನನ್ನ ಗೋಲ್ಡ್‌ಫಿಶ್ ಮೂರು ವರ್ಷದಿಂದ ಹೀಟರಿನಲ್ಲಿ 27ಕ್ಕೆ ಆರಾಮವಾಗಿವೆ.

ಕುಶಾಲನಗರ ಸದಸ್ಯ: ಅದು ಹಿಂಸೆ ಅಣ್ಣ. ಅದು ತಣ್ಣೀರಿನ ಮೀನು.

ಸೋಮವಾರಪೇಟೆ ಸದಸ್ಯ: ನಿಮ್ಮ ಊರಿನ ಬಿಸಿಲಿನಲ್ಲಿ ಕುಳಿತು ನಮ್ಮ ಚಳಿಯ ಬಗ್ಗೆ ಉಪದೇಶ ಬೇಡ.

ಕುಶಾಲನಗರ ಸದಸ್ಯ: ಚಳಿ ಎಷ್ಟಿದ್ದರೇನು? ಮೀನಿನ ಸ್ವಭಾವ ತಿಳಿಯದವರು ಸಾಕಬಾರದು.

ಸೋಮವಾರಪೇಟೆ ಸದಸ್ಯ: ನೀವು ಯಾರು ಹೇಳಲಿಕ್ಕೆ?

ನಿರ್ವಾಹಕರು: ಇಬ್ಬರೂ ನಿಲ್ಲಿಸಿ.

ವೈದ್ಯರು: ಗೋಲ್ಡ್‌ಫಿಶ್‌ಗೆ 18ರಿಂದ 22 ಹಿತ. ಹೀಟರ್ ಬೇಡ. ದಿನಕ್ಕೊಂದು ಡಿಗ್ರಿಯಂತೆ ಇಳಿಸಿ ತೆಗೆಯಿರಿ. ವಾದ ಬೇಡ.

ನಾಪೋಕ್ಲು ಸದಸ್ಯ: 50 ಲೀಟರಿಗೆ ಎಷ್ಟು ವಾಟ್ ಸರ್?

ವೈದ್ಯರು: ಮೊದಲ ಉತ್ತರ ಓದಿ. ಮತ್ತೆ ಕೇಳಬೇಡಿ.

ಪೊನ್ನಂಪೇಟೆ ಸದಸ್ಯ: ಇನ್ವರ್ಟರ್ ಬಗ್ಗೆ ಕೇಳಿದ್ದೆ.

ಮಡಿಕೇರಿ ಸದಸ್ಯೆ: ನೀರು ಬದಲಿಸಿದೆ ಸರ್. ಬಕೆಟ್ 27, ತೊಟ್ಟಿ 27. ಒಂದು ಏಂಜೆಲ್ ಇನ್ನೂ ಮೇಲೆಯೇ ಇದೆ.

ವೈದ್ಯರು: ರಾತ್ರಿ ದೀಪ ಆರಿಸಿ, ಪಂಪ್ ಆರಿಸಬೇಡಿ. ಬೆಳಿಗ್ಗೆ ಆರಕ್ಕೆ ಅಳೆದು ಬರೆಯಿರಿ, ನೀರು ತೀರಾ ತಣ್ಣಗಾಗುವ ಹೊತ್ತು ಅದು.

ಮಡಿಕೇರಿ ಸದಸ್ಯೆ: ಬೆಳಿಗ್ಗೆ 6.10. ನೀರು 26. ರಾತ್ರಿ ಇನ್ನೊಂದು ಟೆಟ್ರಾ ಸತ್ತಿದೆ. ನಾಲ್ಕೂ ಏಂಜೆಲ್‌ಗಳು ಕೆಳಗಿಳಿದು ಗಿಡದ ಸಂದಿನಲ್ಲಿ ನಿಂತಿವೆ.

ವೈದ್ಯರು: ಒಳ್ಳೆಯದು. ಈಗ ಬಕೆಟ್ ತುಂಬಿಡಿ.