ಮ್ಯಾಡ್ರೋನ್ ಗಂಟಿನ ಹೂಜಿ: ಎರಡು ಸಲವೂ ತಳದಲ್ಲೇ ಬಿರುಕು

ಗಂಟುಪ್ರಿಯ:
ಎಲ್ಲರಿಗೂ ನಮಸ್ಕಾರ. ಅಮೆರಿಕದ ಪಶ್ಚಿಮ ಕರಾವಳಿಯ ಮ್ಯಾಡ್ರೋನ್ ಮರದ ಗಂಟಿನಲ್ಲಿ (ಕಾಂಡದ ಮೇಲೆ ಉಬ್ಬಿ ಬೆಳೆಯುವ ಭಾಗ) ಅಲಂಕಾರಕ್ಕೆ ಇಡುವಂಥ ಹೂಜಿಯನ್ನು ಲೇತಿನಲ್ಲಿ ಕಡೆಯಲು ಹೋಗಿ ಎರಡು ಗಂಟು ಹಾಳು ಮಾಡಿಕೊಂಡು ಕೂತಿದ್ದೇನೆ. ಮೂರನೆಯದಕ್ಕೆ ಒಣಗದ ಹಾಗೆ ಮೇಣ ಬಳಿದು ಇಟ್ಟಿದ್ದೇನೆ. ಅದನ್ನು ಮುಟ್ಟುವ ಮೊದಲು ನಿಮ್ಮನ್ನು ಕೇಳೋಣ ಅನ್ನಿಸಿತು.

ಹೊಟ್ಟೆಯ ಅಗಲ 180 ಮಿ.ಮೀ., ಎತ್ತರ 160, ಬಾಯಿ ಬರೀ 40. ಮರ ಪೂರ್ತಿ ಹಸಿ, ಉಳಿ ತಾಗಿಸಿದರೆ ನೀರು ಮುಖಕ್ಕೇ ಹಾರುತ್ತದೆ. ಅಗಲದ ಹತ್ತರಲ್ಲೊಂದು ಪಾಲು ದಪ್ಪ ಬಿಡಬೇಕು ಅನ್ನುವ ಲೆಕ್ಕದಲ್ಲಿ ಗೋಡೆ 18 ಮಿ.ಮೀ. ಇಟ್ಟು ಒರಟಾಗಿ ಕಡೆದೆ. ಕಾಗದದ ಚೀಲಕ್ಕೆ ಹಾಕಿ ಗಾಳಿಯಾಡದ ಮೂಲೆಯಲ್ಲಿ ಇಟ್ಟೆ. ಒಂಬತ್ತನೇ ದಿನ ತೆಗೆದರೆ ತಳದಲ್ಲಿ ನಕ್ಷತ್ರದ ಹಾಗೆ ಮೂರು ಬಿರುಕು. ಎರಡನೇ ಸಲ ಒಂದರ ಮೇಲೊಂದು ಚೀಲ ಹಾಕಿದೆ. ಹನ್ನೆರಡು ದಿನ ತಡೆಯಿತು, ಆಮೇಲೆ ಅದೇ ಜಾಗ, ಅದೇ ಕಥೆ. ಮೂರು ಚೀಲ ಹಾಕಬೇಕಾ? ಅಥವಾ ಈ ಮರವೇ ಹೀಗಾ?

ಹಳೇಉಳಿ:
ಮರದ್ದೂ ಸ್ವಲ್ಪ ತಪ್ಪಿದೆ. ಮ್ಯಾಡ್ರೋನ್ ಒಣಗುವಾಗ ಹಠ ಮಾಡುವುದರಲ್ಲಿ ಹೆಸರುವಾಸಿ. ಆದರೆ ಎರಡು ಸಲವೂ ತಳದಲ್ಲೇ ಒಡೆದಿದೆ ಅಂದರೆ ಚೀಲದ ಮೇಲೆ ನನಗೆ ಅನುಮಾನವಿಲ್ಲ. ಗೋಡೆ 18 ಅಂದಿರಿ. ತಳ ಎಷ್ಟು? ಲೇತಿನ ಹಿಡಿಕೆ (ಚಕ್) ಕಚ್ಚಿ ಹಿಡಿಯಲು ತಳದ ಕೆಳಗೆ ಬಿಡುವ ಗುಂಡು ತುಂಡು, ಅದೇ ಟೆನನ್, ಅದನ್ನೂ ಸೇರಿಸಿ ಹೇಳಿ. ನೆನಪಿಂದ ಹೇಳಬೇಡಿ, ಹೇಗೂ ಹಾಳಾಗಿದೆ ಅಲ್ವಾ, ಗರಗಸ ಹಾಕಿ ಎರಡು ಹೋಳು ಮಾಡಿ ಅಳೆಯಿರಿ.

ಗಂಟುಪ್ರಿಯ:
ಮನಸ್ಸು ಬರಲಿಲ್ಲ, ಆದರೂ ಕೊಯ್ದೆ. ಹೊಟ್ಟೆಯ ಹತ್ತಿರ 18 ಸರಿಯಾಗಿಯೇ ಇತ್ತು. ಹೆಗಲಿನ ಹತ್ತಿರ 13. ತಳ ನೋಡಿ ನಾಚಿಕೆಯಾಯಿತು: 28, ಅದರ ಕೆಳಗೆ ಟೆನನ್ 12. ಒಟ್ಟು 40 ಮಿ.ಮೀ.! ತೂತು ಬಿದ್ದೀತು ಅನ್ನುವ ಹೆದರಿಕೆಗೆ ಡ್ರಿಲ್ಲನ್ನು 120ಕ್ಕೇ ನಿಲ್ಲಿಸಿದ್ದೆ. ಇನ್ನೊಂದು ವಿಷಯ. ಕೊಯ್ದ ಮುಖ ಮುಟ್ಟಿದರೆ ತಳದ ನಡುಭಾಗ ತಣ್ಣಗೆ, ಇನ್ನೂ ಒದ್ದೆ. ಬೆರಳು ಮೇಲಕ್ಕೆ ಸರಿಸಿದ ಹಾಗೆ ಬೆಚ್ಚಗೆ, ಒಣ.

ಹಳೇಉಳಿ:
ನಿಮ್ಮ ಬೆರಳೇ ಉತ್ತರ ಹೇಳಿಬಿಟ್ಟಿದೆ.

ಮರದೊಳಗೆ ನೀರು ಎರಡು ಕಡೆ ಇರುತ್ತದೆ. ಎಳೆಗಳ ಪೊಳ್ಳಿನಲ್ಲಿ ತುಂಬಿರುವ ನೀರು ಹೋದರೆ ತೂಕ ಇಳಿಯುತ್ತದೆ, ಅಳತೆ ಬದಲಾಗುವುದಿಲ್ಲ. ತೇವಾಂಶ ಸುಮಾರು 30 ಶೇಕಡಕ್ಕೆ ಇಳಿದ ಮೇಲೆ ಎಳೆಗಳ ಗೋಡೆಯೊಳಗಿನ ನೀರು ಹೊರಡುತ್ತದೆ. ಕುಗ್ಗುವುದು ಶುರುವಾಗುವುದೇ ಆಗ. ನಿಮ್ಮ ಗೋಡೆ ಈ ಹಂತ ದಾಟಿ ಕುಗ್ಗುತ್ತಿತ್ತು. ತಳದ ಹೊರಮೈ ಕೂಡ ಕುಗ್ಗುತ್ತಿತ್ತು. ಒಳಗಿನ 40 ಮಿ.ಮೀ. ಮುದ್ದೆ ಮಾತ್ರ ಹಸಿಯಾಗಿ, ಜಗ್ಗದೆ ಕೂತಿತ್ತು. ಹೊರಮೈ ಬಿಗಿಯಾಗಿ ಎಳೆದು ಎಳೆದು ಕೊನೆಗೆ ಬಾಯಿ ಬಿಟ್ಟಿತು. ನಾಲ್ಕು ಚೀಲ ಹಾಕಿದ್ದರೂ ಇದೇ ಗತಿ, ಏನೋ ನಾಲ್ಕು ದಿನ ತಡವಾಗುತ್ತಿತ್ತು ಅಷ್ಟೇ.

ಹೂಜಿಯ ಬಾಯಿ ಚಿಕ್ಕದಾದ್ದರಿಂದ ಇನ್ನೊಂದು ತೊಂದರೆ ಇದೆ. ಒಳಗಿನ ಗಾಳಿ ತೇವದಿಂದ ತುಂಬಿಕೊಂಡು ಒಳಮೈ ಒಣಗುವುದೇ ಇಲ್ಲ. ಹೊರಮೈ ಮೊದಲು ಒಣಗುತ್ತದೆ. ನಮಗೆ ಬೇಕಾದದ್ದು ಇದರ ಉಲ್ಟಾ. ಹೊರಗೆ ಕಾಗದ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಬಾಯಿ ಮಾತ್ರ ತೆರೆದಿಡಿ. ಒಳಮೈ ಮೊದಲು ಕುಗ್ಗಿದರೆ ಹೊರಮೈಯನ್ನು ಒಳಕ್ಕೆ ಎಳೆದು ಒತ್ತಿ ಹಿಡಿಯುತ್ತದೆ. ಒತ್ತಿ ಹಿಡಿದ ಮರ ಸೀಳುವುದು ಕಷ್ಟ. ಕಾಗದ ಒದ್ದೆಯಾಗಿದೆ ಅನ್ನಿಸಿದಾಗಲೆಲ್ಲ ಬದಲಾಯಿಸಿ, ಇಲ್ಲದಿದ್ದರೆ ಬೂಸ್ಟು ಬರುತ್ತದೆ.

ಮೂರನೆಯದಕ್ಕೆ ಡ್ರಿಲ್ಲಿನ ಮೇಲೆ 135ಕ್ಕೆ ಟೇಪ್ ಸುತ್ತಿ ಗುರುತು ಮಾಡಿ. 160ರಲ್ಲಿ 25 ಉಳಿಯುತ್ತದೆ. ಟೆನನ್ 8 ಸಾಕು, ತಳ 17. ಟೆನನ್ ನಡುವೆ ಒಂದು ಚಿಕ್ಕ ಕುಳಿ ತೆಗೆದರೆ ಇನ್ನೂ ಒಳ್ಳೆಯದು. ಹೆಗಲಿನ ಒಳಗೆ ಕಣ್ಣಿಗೆ ಕಾಣುವುದಿಲ್ಲ, ಗೋಡೆಯ ದಪ್ಪ ಅಳೆಯುವ ಬಾಗಿದ ಕ್ಯಾಲಿಪರ್ ಇಲ್ಲದಿದ್ದರೆ ದಪ್ಪ ತಂತಿ ಬಗ್ಗಿಸಿ ನೀವೇ ಒಂದು ಮಾಡಿಕೊಳ್ಳಿ.

ಆಮೇಲೆ, ಒಣಗಿಸುವ ಮುಂಚೆ ಕುದಿಸಿ. ಮ್ಯಾಡ್ರೋನಿಗೆ ಕುದಿಸುವುದು ಬಹಳ ಜನ ಮಾಡುವ ಕೆಲಸ. ನೀರು ಕುದಿ ಬಂದ ಮೇಲೆ 25 ಮಿ.ಮೀ. ದಪ್ಪಕ್ಕೆ ಒಂದು ಗಂಟೆ, ನಂತರ ಅದೇ ನೀರಿನಲ್ಲಿ ತಣ್ಣಗಾಗಲು ಬಿಡಿ. ಮೇಲೆ ತೇಲದ ಹಾಗೆ ಭಾರ ಇಡಿ. ಪಾತ್ರೆ ಸ್ಟೀಲಿನದಾಗಿರಲಿ, ಕಬ್ಬಿಣ ಬೇಡ. ಮರದಲ್ಲಿರುವ ಟ್ಯಾನಿನ್ ಅನ್ನುವ ಒಗರು ಅಂಶವೂ ಕಬ್ಬಿಣವೂ ಸೇರಿದರೆ ಕಪ್ಪು ಕಲೆ. ಮನೆಯಲ್ಲಿ ಯಾರಾದರೂ ಪಾತ್ರೆ ಕೇಳಿದರೆ ಸುಮ್ನೆ ಹೊಸದೇ ತಂದುಬಿಡಿ, ಆ ನೀರಿನ ಬಣ್ಣ ನೋಡಿದವರು ಅದರಲ್ಲಿ ಮತ್ತೆ ಅಡುಗೆ ಮಾಡುವುದಿಲ್ಲ.

ತೆಳುಗೋಡೆ:
ನನ್ನ ದಾರಿ ಬೇರೆ. ಒಮ್ಮೆ ಒರಟಾಗಿ ಕಡೆದು, ಒಣಗಿದ ಮೇಲೆ ಮತ್ತೆ ಕಡೆಯುವ ರಗಳೆಯೇ ಬೇಡ. ಹಸಿ ಇರುವಾಗಲೇ ಒಂದೇ ಸಲಕ್ಕೆ 5 ಮಿ.ಮೀ.ಗೆ ತೆಳು ಮಾಡಿ, ತಳವೂ 5, ಬಿಟ್ಟುಬಿಡಿ. ತೆಳು ಗೋಡೆ ಬಾಗುತ್ತದೆ, ಒಡೆಯುವುದಿಲ್ಲ. ಮೈ ತುಂಬಾ ಸಣ್ಣ ಸಣ್ಣ ಗುಳಿ ಬೀಳುತ್ತದೆ, ಸೊಟ್ಟ ಆಗುತ್ತದೆ. ಗಂಟಿನ ಮರ ಕಡೆಯುವುದೇ ಅದಕ್ಕಲ್ವಾ? ಗುಂಡಗೆ ನುಣ್ಣಗೆ ಬೇಕಿದ್ದರೆ ನೇರ ಎಳೆಯ ಮರ ತೆಗೆದುಕೊಳ್ಳಬೇಕಿತ್ತು.

ಒಂದು ಎಚ್ಚರಿಕೆ. ಗಂಟಿನೊಳಗೆ ತೊಗಟೆ, ಪೊಳ್ಳು ಎಲ್ಲಿರುತ್ತದೋ ಹೇಳಲಾಗದು. ವೇಗ ಕಡಿಮೆ ಇಡಿ, ಪೂರ್ತಿ ಮುಖ ಮುಚ್ಚುವ ಗಾರ್ಡ್ ಹಾಕಿ, ಮರ ಹಾರಿದರೆ ಬಡಿಯುವ ನೇರದಲ್ಲಿ ನಿಲ್ಲಬೇಡಿ. ಕಡೆದ ಮರದ ಸುರುಳಿ ಹೂಜಿಯೊಳಗೆ ತುಂಬಿಕೊಂಡರೆ ಉಳಿಯ ಕಾಂಡ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಪದೇ ಪದೇ ಲೇತ್ ನಿಲ್ಲಿಸಿ ಖಾಲಿ ಮಾಡಿ.

ಹಳೇಉಳಿ:
ತೆಳುಗೋಡೆ ಹೇಳುವುದು ನಿಜ. ಆದರೆ ಬಾಯಿ 40, ಆಳ 135, ಗೋಡೆ 5. ಉಳಿಯ ತುದಿ ಒಳಗೆ ಅದುರುತ್ತಿರುವಾಗ ಹೊಸಬರಿಗೆ ಅದು ಸುಲಭವಲ್ಲ. ಇವರಿಗೆ ಉಳಿದಿರುವುದು ಒಂದೇ ಗಂಟು. ಸಲಹೆ ಕೊಡುವಾಗ ಅದೂ ನೆನಪಿರಲಿ.

ಗಂಟುಪ್ರಿಯ:
ಹನ್ನೊಂದು ವಾರ ಆಯಿತು, ಏನಾಯಿತು ಅಂತ ಹೇಳಲು ಬಂದೆ.

ಹಳೇಉಳಿಯವರ ದಾರಿ ಹಿಡಿದೆ. ತಳ 17, ಹೆಗಲು 17, ಹೊಟ್ಟೆ 18. ಕುದಿಸಿದ ನೀರು ಕಡು ಕಂದು. ಹೊರಗೆ ಸುತ್ತಿ ಬಾಯಿ ತೆರೆದಿಟ್ಟೆ. ದಿನಾ ತಕ್ಕಡಿಯಲ್ಲಿ ಇಟ್ಟು ತಳದ ಮೇಲೇ ಪೆನ್ಸಿಲಲ್ಲಿ ತೂಕ ಬರೆದೆ. ಮೊದಲ ದಿನ 1,480 ಗ್ರಾಂ. ವಾರಕ್ಕೆ 1,290. ಎಂಟನೇ ವಾರದ ಹೊತ್ತಿಗೆ 1,030. ಆಮೇಲೆ ದಿನಕ್ಕೆ ಒಂದೆರಡು ಗ್ರಾಂ ಇಳಿಯುವುದೂ ಕಷ್ಟ.

ತಳದಲ್ಲಿ ಬಿರುಕಿಲ್ಲ! ಅಗಲ ಒಂದು ಕಡೆ 167, ಇನ್ನೊಂದು ಕಡೆ 171. ಎತ್ತರವೂ 160ರಿಂದ 151ಕ್ಕೆ ಇಳಿದಿದೆ. ಉದ್ದಕ್ಕೂ ಕುಗ್ಗುತ್ತದೆ ಅಂತ ಗೊತ್ತಿರಲಿಲ್ಲ. ಹೊಟ್ಟೆಯ ಹತ್ತಿರ ತೊಗಟೆ ಸೇರಿರುವ ಕಡೆ ಮಾತ್ರ ಕೂದಲಿನಷ್ಟು ಸಣ್ಣ ಸೀಳು. ಸೂಪರ್ ಗ್ಲೂ ಹಾಕಲೇ?

ಹಳೇಉಳಿ:
ಸಂತೋಷ. ನೇರ ಎಳೆಯ ಮರ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಮ್ಮಿ. ಗಂಟಿನಲ್ಲಿ ಎಳೆಗೆ ದಿಕ್ಕೇ ಇಲ್ಲ, ಎಲ್ಲ ಕಡೆಗೂ ಕುಗ್ಗುತ್ತದೆ.

ಗ್ಲೂ ಹಾಕಿ, ನೀರಿನ ಹಾಗಿರುವ ತೆಳುವಾದದ್ದು. ಅದಕ್ಕೂ ಮುಂಚೆ ಸುತ್ತಲಿನ ಮರಕ್ಕೆ ಶೆಲ್ಲಾಕ್ (ಅರಗಿನ ವಾರ್ನಿಷ್) ಬಳಿದು ಒಣಗಿಸಿ, ಇಲ್ಲದಿದ್ದರೆ ಮರ ಗ್ಲೂ ಹೀರಿಕೊಂಡು, ಅಳಿಸಲಾಗದ ಕಲೆ ಕೂರುತ್ತದೆ. ಟೆನನ್ ಈಗ ಮೊಟ್ಟೆಯ ಆಕಾರ ಆಗಿರುತ್ತದೆ. ಚಕ್‌ಗೆ ನೇರ ಹಿಡಿಸಬೇಡಿ, ಲೇತಿನ ಎರಡು ತುದಿಯ ಮೊನೆಗಳ ನಡುವೆ ಕೂರಿಸಿ ಮೊದಲು ಅದನ್ನು ಗುಂಡಗೆ ಮಾಡಿಕೊಳ್ಳಿ. ಕೊನೆಗೆ ಸ್ಯಾಂಡ್‌ಪೇಪರ್ ಹಿಡಿಯುವಾಗ ಕೈಗೆ ಬಿಸಿ ತಾಗಿದರೆ ನಿಲ್ಲಿಸಿ. ಇಷ್ಟು ಕಾದು ಒಣಗಿಸಿದ್ದನ್ನು ಆ ಬಿಸಿಯಲ್ಲಿ ಒಡೆದುಕೊಂಡವರು ಜಾಸ್ತಿ ಇದ್ದಾರೆ, ಅದರಲ್ಲಿ ನಾನೂ ಒಬ್ಬ.

ಗಂಟುಪ್ರಿಯ:
ಸರಿ ಸರ್. ನಿನ್ನೆ 1,012, ಇವತ್ತು ಬೆಳಿಗ್ಗೆಯೂ 1,012. ಇನ್ನು ನಾಲ್ಕು ದಿನ ಇದೇ ನಿಂತರೆ ಲೇತಿಗೆ ಏರಿಸುತ್ತೇನೆ.