ಡಿಸೆಂಬರ್ ರಾತ್ರಿ ಆಕಾಶದಲ್ಲಿ ಏನೇನು ನೋಡ್ಬೋದು? (ಮೂಡಿಗೆರೆ ಕಡೆ, ಟೆಲಿಸ್ಕೋಪ್ ಇಲ್ಲ)

ಹೇಮಾವತಿ_ದಂಡೆ · 8 ಡಿಸೆಂಬರ್ 2025

ಎಲ್ರಿಗೂ ನಮಸ್ಕಾರ. ನಾನಿರೋದು ಹಾಸನ ಟೌನಲ್ಲಿ, ಇಲ್ಲಿ ರಾತ್ರಿ ತಲೆ ಎತ್ತಿದ್ರೆ ಬೀದಿದೀಪ ಬಿಟ್ರೆ ಇನ್ನೇನೂ ಕಾಣಲ್ಲ. ಈ ಶನಿವಾರ 13ಕ್ಕೆ ಮೂಡಿಗೆರೆ ಹತ್ರ ನಮ್ಮಜ್ಜಿ ಮನೆಗೆ ಹೋಗ್ತಿದೀವಿ, ಅಲ್ಲಿ ಕಾಫಿ ಕೊಯ್ಲು ಶುರುವಾಗಿದೆ, ರಾತ್ರಿ ಕರೆಂಟ್ ಹೋದ್ರಂತೂ ಕಗ್ಗತ್ತಲು. ಮಗಳು ಎಂಟನೇ ಕ್ಲಾಸು, ಅವಳಿಗೆ ಈಗ ನಕ್ಷತ್ರದ ಹುಚ್ಚು ಹಿಡ್ದಿದೆ. ಟೆಲಿಸ್ಕೋಪ್ ಇಲ್ಲ, ಒಂದು ಹಳೇ ಬೈನಾಕ್ಯುಲರ್ ಇದೆ ಅಷ್ಟೆ. ಏನೇನು ನೋಡ್ಬೋದು, ಎಷ್ಟು ಗಂಟೆಗೆ, ಯಾವ ದಿಕ್ಕಲ್ಲಿ ಸ್ವಲ್ಪ ಹೇಳಿ.

ಇನ್ನೊಂದು ಡೌಟು, ಇದು ಮಗಳು ಕೇಳಿದ್ದು, ನನಗೆ ಉತ್ತರ ಗೊತ್ತಿಲ್ಲ. ಅಜ್ಜಿ ವರ್ಷಪೂರ್ತಿ ರೋಹಿಣಿ ಮಳೆ, ಮೃಗಶಿರ ಮಳೆ, ಆರಿದ್ರೆ ಮಳೆ ಅಂತ ಲೆಕ್ಕ ಹಾಕ್ತಾನೇ ಇರ್ತಾರೆ. ಆ ನಕ್ಷತ್ರಗಳು ನಿಜವಾಗ್ಲೂ ಆಕಾಶದಲ್ಲಿ ಇದಾವಾ? ಇದ್ರೆ ಅಜ್ಜಿ ಯಾಕೆ ಒಂದು ದಿನನೂ ಬೆರಳು ಮಾಡಿ ತೋರಿಸಿಲ್ಲ? ಅಜ್ಜಿನ ಫೋನಲ್ಲಿ ಕೇಳಿದ್ರೆ "ಪಂಚಾಂಗದಲ್ಲಿ ಐತಲ್ಲ, ಇನ್ನೆಲ್ಲಿರ್ತದೆ" ಅಂದ್ಬಿಟ್ರು.

ಚಾಕ್‌ಪೀಸ್_ಮೇಷ್ಟ್ರು

ಮಗಳ ಪ್ರಶ್ನೆ ಬಹಳ ಚೆನ್ನಾಗಿದೆ, ಮೂವತ್ತು ವರ್ಷ ಅರಸೀಕೆರೆ ಕಡೆ ವಿಜ್ಞಾನ ಪಾಠ ಮಾಡಿದೀನಿ, ಒಬ್ಬ ಹುಡುಗನೂ ಇದನ್ನ ಕೇಳ್ಲಿಲ್ಲ. ಅದಕ್ಕೇ ಮೊದ್ಲು ಉತ್ತರ ಹೇಳ್ತೀನಿ.

ಅಜ್ಜಿ ಹೇಳೋ ಮಳೆ ನಕ್ಷತ್ರಗಳು ನಿಜವಾದವೇ, ಆದ್ರೆ ಆ ಮಳೆ ಬರೋವಾಗ ಅವು ಕಾಣೋದೇ ಇಲ್ಲ. ಮೋಡಕ್ಕಲ್ಲ, ಮೋಡ ಇಲ್ದಿದ್ರೂ ಕಾಣಲ್ಲ. ರೋಹಿಣಿ ಮಳೆ ಅಂದ್ರೆ ಆ ಹದಿಮೂರು ಹದಿನಾಲ್ಕು ದಿನ ಸೂರ್ಯ ರೋಹಿಣಿ ನಕ್ಷತ್ರದ ಜಾಗದಲ್ಲಿ ಇದಾನೆ ಅಂತ ಅರ್ಥ. ಮೇ 25ರ ಆಸುಪಾಸು ರೋಹಿಣಿ, ಜೂನ್ 8ಕ್ಕೆ ಮೃಗಶಿರ, ಜೂನ್ 22ಕ್ಕೆ ಆರಿದ್ರೆ, ಜುಲೈ 6ರ ಹೊತ್ತಿಗೆ ಪುನರ್ವಸು. ಸೂರ್ಯನ ಜೊತೆಗೇ ಹುಟ್ಟಿ ಸೂರ್ಯನ ಜೊತೆಗೇ ಮುಳುಗೋ ನಕ್ಷತ್ರ ಹಗಲಲ್ಲಿ ಹೆಂಗೆ ಕಾಣುತ್ತೆ ಹೇಳಿ. ಆರು ತಿಂಗಳು ಕಳೆದ್ರೆ ಭೂಮಿ ಸೂರ್ಯನ ಆ ಕಡೆಗೆ ಹೋಗಿರುತ್ತೆ, ಆಗ ಅದೇ ನಕ್ಷತ್ರಗಳು ನಡುರಾತ್ರಿ ನೆತ್ತಿಗೆ ಬರ್ತವೆ. ಅಂದ್ರೆ ಡಿಸೆಂಬರ್! ಜೂನ್ ತಿಂಗಳ ಮಳೆಯೆಲ್ಲಾ ಈಗ ನಿಮ್ಮಜ್ಜಿ ಮನೆ ಮೇಲೆ ಸಾಲಾಗಿ ನಿಂತಿರುತ್ತೆ, ಒಂದು ಹನಿನೂ ಬೀಳಲ್ಲ ಅಷ್ಟೆ.

ಸರಿ, ಹುಡುಕೋದು ಹೆಂಗೆ. ರಾತ್ರಿ 9 ಗಂಟೆಗೆ ಪೂರ್ವಕ್ಕೆ ಮುಖ ಮಾಡಿ ನಿಂತ್ಕೊಳ್ಳಿ. ಮೂರು ನಕ್ಷತ್ರ ಒಂದರ ಮೇಲೊಂದು ಜೋಡ್ಸಿಟ್ಟಂಗೆ ನೆಟ್ಟಗೆ ಕಾಣ್ತವೆ, ಯಾರಿಗೂ ತಪ್ಪೋದೇ ಇಲ್ಲ. ಅದು ಮಹಾವ್ಯಾಧ (ಇಂಗ್ಲಿಷಲ್ಲಿ ಒರಾಯನ್) ಅನ್ನೋ ನಕ್ಷತ್ರಪುಂಜದ ಸೊಂಟದ ಪಟ್ಟಿ. ಅದರ ಎಡಕ್ಕೆ ಸ್ವಲ್ಪ ದೂರದಲ್ಲಿ ಕೆಂಡದ ಬಣ್ಣದ್ದೊಂದಿದೆ ನೋಡಿ, ಅದೇ ಆರಿದ್ರೆ. ಬಲಕ್ಕೆ ಅಷ್ಟೇ ದೂರದಲ್ಲಿ ನೀಲಿ ಬಿಳಿ ಬಣ್ಣದ್ದು ರೈಜೆಲ್. ಎರಡನ್ನೂ ಒಂದಾದ್ಮೇಲೊಂದು ನೋಡಿದ್ರೆ ಬಣ್ಣದ ವ್ಯತ್ಯಾಸ ಬರಿಗಣ್ಣಿಗೇ ಗೊತ್ತಾಗುತ್ತೆ. ಈಗ ಮೂರು ಚುಕ್ಕಿ ಗೆರೆನ ಮೇಲಕ್ಕೆ ಎಳೀರಿ, ಇನ್ನೊಂದು ಕೆಂಪಗಿನದು ಸಿಗುತ್ತೆ, ಅದು ರೋಹಿಣಿ. ಇನ್ನೂ ಮೇಲೆ ಹೋದ್ರೆ ಸಣ್ಣ ಗೊಂಚಲು, ಅದು ಕೃತ್ತಿಕೆ, ಬರಿಗಣ್ಣಿಗೆ ಆರು ಎಣಿಸ್ಬೋದು, ಬೈನಾಕ್ಯುಲರಲ್ಲಿ ನೋಡಿದ್ರೆ ಹತ್ತಾರು. ಅದೇ ಗೆರೆನ ಕೆಳಕ್ಕೆ ಎಳೆದ್ರೆ ಆಗಷ್ಟೇ ಮೇಲೆ ಬಂದಿರೋ ಲುಬ್ಧಕ, ಇಡೀ ರಾತ್ರಿ ಆಕಾಶದ ಅತೀ ಪ್ರಕಾಶದ ನಕ್ಷತ್ರ, ನಮ್ಮಿಂದ ಎಂಟೂವರೆ ಜ್ಯೋತಿರ್ವರ್ಷ ಚಿಲ್ರೆ. ದಿಗಂತದ ಹತ್ರ ಇದ್ದಾಗ ಕೆಂಪು ಹಸಿರು ನೀಲಿ ಅಂತ ಮಿಣಿಮಿಣಿ ಮಾಡುತ್ತೆ, ಅದು ನಮ್ಮ ಗಾಳಿ ಕೆಲಸ, ವಿಮಾನ ಅಂತ ಗಾಬರಿ ಆಗ್ಬೇಡಿ.

ಮೃಗಶಿರ ಮಾತ್ರ ಹುಡುಕ್ಬೇಕು. ಮಹಾವ್ಯಾಧನ ತಲೆ ಜಾಗದಲ್ಲಿ ಮೂರು ಮಂಕು ಚುಕ್ಕಿ ಒತ್ತೊತ್ತಾಗಿ ಇರೋದೇ ಅದು. ಹಳೇ ಕಥೆ ಪ್ರಕಾರ ಆ ಇಡೀ ಆಕಾರನೇ ಜಿಂಕೆ. ಪ್ರಜಾಪತಿ ಜಿಂಕೆಯಾಗಿ ರೋಹಿಣಿ ಹಿಂದೆ ಓಡ್ದ, ಬೇಟೆಗಾರ ಲುಬ್ಧಕ ಬಾಣ ಬಿಟ್ಟ, ಸೊಂಟದ ಪಟ್ಟಿಯ ಮೂರು ಚುಕ್ಕಿನೇ ನಾಟ್ಕೊಂಡಿರೋ ಬಾಣ. ಐತರೇಯ ಬ್ರಾಹ್ಮಣದಲ್ಲೇ ಇದೆ ಈ ಕಥೆ. ಗ್ರೀಕರು ಅದನ್ನೇ ಬೇಟೆಗಾರ ಅಂದ್ರು, ನಾವು ಬೇಟೆ ಅಂದ್ವಿ, ನನಗೇನೋ ನಮ್ದೇ ಸರಿಯಾಗಿ ಕೂತಿದೆ ಅನ್ಸುತ್ತೆ, ಎಲ್ಲಾ ಒಂದೇ ಗೆರೆಲಿ ಬರುತ್ತಲ್ಲ.

ರೊಬಸ್ಟಾ_ರಾಜ

ಮೇಷ್ಟ್ರೇ ಸೂಪರ್. ನಾನು ಆಲ್ದೂರು ಕಡೆಯವ್ನು, ಆಕಾಶದ ಬಗ್ಗೆ ಗೊತ್ತಿಲ್ಲ, ನೆಲದ ಬಗ್ಗೆ ಹೇಳ್ತೀನಿ. ದಯವಿಟ್ಟು ತೋಟದೊಳಗೆ, ಕೆರೆ ಏರಿ ಮೇಲೆ, ರೋಡ್ ಪಕ್ಕ ಅಂತ ಎಲ್ಲೂ ಹೋಗ್ಬೇಡಿ ಮಾರಾಯ್ರೆ. ಆನೆ ಕಾಟ ಹೆಂಗಿದೆ ಅಂತ ಮೂಡಿಗೆರೆ ಬೇಲೂರು ಸಕಲೇಶಪುರದವ್ರಿಗೆ ಹೇಳ್ಬೇಕಾಗಿಲ್ಲ, ತಲೆ ಮೇಲೆತ್ತಿ ನಿಂತವ್ನಿಗೆ ಪಕ್ಕದಲ್ಲಿ ಸಲಗ ಬಂದು ನಿಂತ್ರೂ ಗೊತ್ತಾಗಲ್ಲ. ಮುಳ್ಳಯ್ಯನಗಿರಿಗೆ ಹೋಗ್ಬೇಕು ಅಂತ ಕೆಲವ್ರು ಹೊರಡ್ತಾರೆ, ಸಂಜೆ ಮೇಲೆ ಅಲ್ಲಿಗೆ ಬಿಡಲ್ಲ, ಸುಮ್ನೆ ಪೆಟ್ರೋಲ್ ದಂಡ.

ನಿಮ್ಮಜ್ಜಿ ಮನೆ ಕಾಫಿ ಕಣ ಇದೆಯಲ್ಲ, ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಸಪಾಟಾಗಿರುತ್ತೆ, ಸುತ್ತ ಮರ ದೂರ, ಹಗಲಿಡೀ ಬಿಸಿಲು ಕುಡ್ದ ಸಿಮೆಂಟು ರಾತ್ರಿ ಹತ್ತರ ತನಕ ಬೆಚ್ಚಗಿರುತ್ತೆ. ಒಂದು ಬದಿಲಿ ಕಾಫಿ ಗುಡ್ಡೆ ಹಾಕಿ ಟಾರ್ಪಾಲ್ ಮುಚ್ಚಿರ್ತಾರೆ, ಇನ್ನೊಂದು ಬದಿಲಿ ಚಾಪೆ ಹಾಸಿ ಮಲಗಿ. ಕಂಬಳಿ ಮಸ್ಟು, ಹನ್ನೊಂದರ ಮೇಲೆ ಇಬ್ಬನಿ ಹೆಂಗೆ ಬೀಳುತ್ತೆ ಅಂದ್ರೆ ತಲೆಕೂದ್ಲೆಲ್ಲ ಒದ್ದೆ. ಅಂಗಳದ ಲೈಟ್ ಆಫ್ ಮಾಡ್ಸಿ.

ಅರ್ಧರಾತ್ರಿ_ಗುರು

13ಕ್ಕೇ ಹೋಗ್ತಿದೀರಾ? ಲಾಟ್ರಿ ಹೊಡೀತು ನಿಮಗೆ! ಅವತ್ತು ರಾತ್ರಿನೇ ಜೆಮಿನಿಡ್ಸ್ ಉಲ್ಕಾಪಾತ, ವರ್ಷದಲ್ಲಿ ಬರೋ ಉಲ್ಕೆ ಮಳೆಗಳಲ್ಲಿ ಇದೇ ದೊಡ್ಡದು ಅನ್ಬೋದು, ಆಗಸ್ಟಲ್ಲಿ ಪರ್ಸೀಡ್ಸ್ ಬರುತ್ತೆ ಆದ್ರೆ ಆಗ ನಮ್ಮ ಮಲೆನಾಡಲ್ಲಿ ಆಕಾಶ ಅನ್ನೋದೇ ಇರಲ್ಲ ಬಿಡಿ. ಪುಸ್ತಕದ ಲೆಕ್ಕ ಗಂಟೆಗೆ 120ರ ಮೇಲೆ, ಅದು ಪೂರ್ತಿ ಕತ್ತಲು, ಉಲ್ಕೆ ಹೊರಡೋ ಜಾಗ ನೆತ್ತಿ ಮೇಲೇ ಇದ್ರೆ ಮಾತ್ರ. ನಾವು ನೀವು ನೋಡೋದು ಅದರಲ್ಲಿ ಅರ್ಧಕ್ಕಿಂತ ಕಮ್ಮಿ ಅಂದ್ಕೊಳ್ಳಿ, ಅದೇ ಬೇಕಾದಷ್ಟಾಯ್ತು. ಬೇರೆ ಉಲ್ಕಾಪಾತ ಹೆಚ್ಚುಪಾಲು ಧೂಮಕೇತು ಬಿಟ್ಟು ಹೋದ ಧೂಳಿಂದ ಆಗೋದು, ಇದು ಫೇಥಾನ್ ಅನ್ನೋ ಕ್ಷುದ್ರಗ್ರಹದ್ದು, ಅದು ಸಿಕ್ಕಿದ್ದೇ 1983ರಲ್ಲಿ. ಸೆಕೆಂಡಿಗೆ 35 ಕಿಮೀ ಸ್ಪೀಡು, ಉಲ್ಕೆ ಲೆಕ್ಕದಲ್ಲಿ ಇದು ನಿಧಾನ, ಅದಕ್ಕೇ "ಅಲ್ನೋಡು" ಅನ್ನೋಷ್ಟರಲ್ಲಿ ಪಕ್ಕದವ್ರೂ ನೋಡ್ಬೋದು ಒಂದೊಂದ್ಸಲ.

ಹೊರಡೋ ಜಾಗ ಮಿಥುನ ರಾಶಿ. ಈ ವರ್ಷ ಅದನ್ನ ಹುಡುಕೋದು ಬಹಳ ಸುಲಭ ಯಾಕಂದ್ರೆ ಗುರುಗ್ರಹ ಅಲ್ಲೇ ಕೂತಿದೆ, ಪುನರ್ವಸುವಿನ ಜೋಡಿ ನಕ್ಷತ್ರದ ಪಕ್ಕದಲ್ಲೇ. 8ರ ಸುಮಾರಿಗೆ ಈಶಾನ್ಯದ ಕಡೆ ಹುಟ್ಟುತ್ತೆ, 9ಕ್ಕೆ ಮರದ ಮೇಲೆ ಬಂದಿರುತ್ತೆ, ಲುಬ್ಧಕಕ್ಕಿಂತ ಜೋರು, ಆದ್ರೆ ಮಿಣುಕಲ್ಲ, ಸುಮ್ನೆ ಗಂಭೀರವಾಗಿ ಉರೀತಿರುತ್ತೆ. (ಹೌದು ನನ್ನ ಹೆಸರಿಗೂ ಅದಕ್ಕೂ ಸಂಬಂಧ ಇಲ್ಲ, ಜೋಕ್ ಮಾಡೋರು ಮಾಡ್ಕೊಳ್ಳಿ ಗುರೂ.) ಹಳೇ ಬೈನಾಕ್ಯುಲರ್ ಆದ್ರೂ ಕಣದ ಕಟ್ಟೆಗೆ ಮೊಣಕೈ ಊರಿ ಅಲುಗಾಡದಂಗೆ ಹಿಡಿದ್ರೆ ಗುರುವಿನ ಅಕ್ಕಪಕ್ಕ ಒಂದೇ ಗೆರೆಲಿ ಮೂರು ನಾಲ್ಕು ಸಣ್ಣ ಚುಕ್ಕಿ ಕಾಣ್ಬೋದು, ಅವು ಅದರ ಚಂದ್ರಗಳು, 1610ರಲ್ಲಿ ಗೆಲಿಲಿಯೋ ನೋಡಿದ್ದು ಅವನ್ನೇ.

ಉಲ್ಕೆಗೆ ಮಾತ್ರ ಬೈನಾಕ್ಯುಲರ್ ಬೇಡ. ಗುರು ಕಡೆನೇ ದಿಟ್ಟಿಸ್ಬೇಡಿ, ನೆತ್ತಿ ಕಡೆ ನೋಡ್ತಾ ಸುಮ್ನೆ ಮಲಗಿ. 10ರಿಂದ ಶುರು ಮಾಡಿ, ಹನ್ನೆರಡರ ಮೇಲೆ ಜಾಸ್ತಿ ಆಗುತ್ತೆ. ಚಂದ್ರ ಹುಟ್ಟೋದು ಬೆಳಗಿನ ಜಾವ 2ರ ಸುಮಾರಿಗೆ, ಅದೂ ಸಣ್ಣ ಚಂದ್ರ, ತೊಂದ್ರೆ ಇಲ್ಲ. ಮೊಬೈಲ್ ಮುಟ್ಟಬಾರದು! ಕಣ್ಣು ಕತ್ತಲಿಗೆ ಹೊಂದ್ಕೊಳ್ಳೋಕೆ ಇಪ್ಪತ್ತು ನಿಮಿಷ ಬೇಕು, ಒಂದು ವಾಟ್ಸಾಪ್ ನೋಡಿದ್ರೆ ಮತ್ತೆ ಸೊನ್ನೆಯಿಂದ ಶುರು.

ಶನಿ ಬಗ್ಗೆ ಒಂದು ಮಾತು. ಕತ್ತಲಾಗ್ತಿದ್ದಂಗೇ ದಕ್ಷಿಣದಲ್ಲಿ ಎತ್ತರಕ್ಕೆ ಹಳದಿ ಬಣ್ಣಕ್ಕೆ ಕಾಣೋದು ಅದೇ. ನಾನು ಹೋದ ತಿಂಗಳು ಹೊಸ ಟೆಲಿಸ್ಕೋಪ್ ತಗೊಂಡು ಅಕ್ಕಪಕ್ಕದ ಮನೆಯವ್ರನ್ನೆಲ್ಲ ಕರ್ದು, ಮಂಡಕ್ಕಿ ಬೋಂಡ ಮಾಡ್ಸಿ, ಶನಿಯ ಬಳೆ ತೋರಿಸ್ತೀನಿ ಬನ್ನಿ ಅಂತ ಟೆರೇಸ್ ಮೇಲೆ ಸಾಲಾಗಿ ನಿಲ್ಸಿದ್ದೆ. ನೋಡಿದ್ರೆ ಬಳೆನೇ ಇಲ್ಲ, ಉಂಡೆಗೆ ಸೂಜಿ ಚುಚ್ಚಿದಂಗೆ ಒಂದು ಗೆರೆ! ಹದಿನೈದು ವರ್ಷಕ್ಕೊಂದ್ಸಲ ಬಳೆಯ ಅಂಚು ನಮ್ಮ ಕಡೆ ತಿರುಗುತ್ತಂತೆ, ಈ ವರ್ಷವೇ ಅದು, ಅದೂ ಕರೆಕ್ಟಾಗಿ ನಾನು ಟೆಲಿಸ್ಕೋಪ್ ತಗೊಂಡ ವರ್ಷವೇ. ಪಕ್ಕದ್ಮನೆ ಆಂಟಿ "ಲೆನ್ಸ್ ಹಾಳಾಗಿರ್ಬೇಕು, ವಾಪಸ್ ಕೊಡಪ್ಪ" ಅಂದ್ರು.

ಡೌಟ್_ಡಾಕ್ಟರ್

ಯೂಟ್ಯೂಬಲ್ಲಿ 3ಐ ಅಟ್ಲಾಸ್ ಅಂತ ಧೂಮಕೇತು ಡಿಸೆಂಬರ್ 19ಕ್ಕೆ ಭೂಮಿ ಹತ್ರ ಬರುತ್ತೆ ಅಂತಿದಾರೆ, ಏಲಿಯನ್ ಗಾಡಿ ಅಂತನೂ ಹೇಳ್ತಿದಾರೆ, ಅದು ಕಾಣುತ್ತಾ? ಮತ್ತೆ ನಮ್ಮ ಹಾಸನದಲ್ಲಿರೋ ಇಸ್ರೋ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನವ್ರು ಕಂಟ್ರೋಲ್ ಮಾಡೋ ಸ್ಯಾಟಲೈಟ್‌ಗಳು ರಾತ್ರಿ ಓಡಾಡೋದು ಕಾಣುತ್ತಾ? ಜೊತೆಗೆ ಒಂದು ಮಾತು, ಮಳೆ ನಕ್ಷತ್ರ ಅನ್ನೋದೆಲ್ಲ ಮೂಢನಂಬಿಕೆ ಅಲ್ವಾ, ನಕ್ಷತ್ರಕ್ಕೂ ಮಳೆಗೂ ಏನು ಸಂಬಂಧ?

ಚಾಕ್‌ಪೀಸ್_ಮೇಷ್ಟ್ರು

ಧೂಮಕೇತು ಬರಿಗಣ್ಣಿಗೆ ಕಾಣಲ್ಲ, ನಿಮ್ಮ ಬೈನಾಕ್ಯುಲರಿಗೂ ಕಾಣಲ್ಲ. ಹತ್ರ ಅಂದ್ರೆ 27 ಕೋಟಿ ಕಿಮೀ, ಸೂರ್ಯನಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ದೂರ. ಬೇರೆ ಸೌರಮಂಡಲದಿಂದ ಬಂದ ವಸ್ತು, ಇಲ್ಲಿ ತನಕ ಗೊತ್ತಾಗಿರೋದ್ರಲ್ಲಿ ಮೂರನೇದು, ಅಷ್ಟಕ್ಕೇ ಅದು ವಿಶೇಷ. ಏಲಿಯನ್ ಸೇರ್ಸೋದು ವ್ಯೂಸ್‌ಗೆ.

ಎಂಸಿಎಫ್ 1982ರಿಂದ ನೋಡ್ಕೊಳ್ತಿರೋದು ಭೂಸ್ಥಿರ ಉಪಗ್ರಹಗಳನ್ನ, ಅವು 36,000 ಕಿಮೀ ಮೇಲೆ ನಮ್ಮ ಪಾಲಿಗೆ ಅಲುಗಾಡದೆ ಒಂದೇ ಕಡೆ ಇರ್ತವೆ, ಕಣ್ಣಿಗೆ ಕಾಣಲ್ಲ. ನಿಮ್ಮ ಮನೆ ಡಿಶ್ಶು ಯಾವ ಕಡೆ ಮುಖ ಮಾಡಿದೆಯೋ ಅಲ್ಲಿ ಅಂಥದ್ದೊಂದಿದೆ ಅಂದ್ಕೊಳ್ಳಿ. ಓಡೋ ಚುಕ್ಕಿ ಕಂಡ್ರೆ ಅದು ಕೆಳಗಡೆ ಸುತ್ತೋವು. ಬಾಹ್ಯಾಕಾಶ ನಿಲ್ದಾಣ 400 ಕಿಮೀ ಮೇಲಿದೆ, ಮುಸ್ಸಂಜೆಲಿ ಚೆನ್ನಾಗಿ ಕಾಣುತ್ತೆ.

ಮೂಢನಂಬಿಕೆ ಮಾತಿಗೆ: ನಕ್ಷತ್ರ ಮಳೆ ಸುರಿಸುತ್ತೆ ಅಂದ್ರೆ ತಪ್ಪು. ಆದ್ರೆ ರೈತ ಅದನ್ನ ಇಟ್ಕೊಂಡಿದ್ದು ಕ್ಯಾಲೆಂಡರ್ ಥರ. ಚಾಂದ್ರಮಾನದ ತಿಂಗಳು ಹಿಂದೆ ಮುಂದೆ ಜಾರುತ್ತೆ, ಯುಗಾದಿ ಒಂದು ವರ್ಷ ಮಾರ್ಚಲ್ಲಿ ಬರುತ್ತೆ ಒಂದು ವರ್ಷ ಏಪ್ರಿಲ್ಲಲ್ಲಿ. ಬಿತ್ತೋಕೆ ಸೂರ್ಯನ ಲೆಕ್ಕ ಬೇಕು, ಮಳೆ ನಕ್ಷತ್ರ ಅಂದ್ರೆ ಸೂರ್ಯನ ಲೆಕ್ಕವೇ. "ಆರಿದ್ರೆ ಮಳೆ ಆರದೆ ಹೊಯ್ಯುತ್ತೆ" ಅನ್ನೋದನ್ನ ಜೂನ್ ಕೊನೇಲಿ ಮಲೆನಾಡಲ್ಲಿ ನಿಂತು ಮೂಢನಂಬಿಕೆ ಅನ್ನಿ ನೋಡೋಣ.

ಮರ್ತಿದ್ದೆ, ಅಗಸ್ತ್ಯ ನಕ್ಷತ್ರ ಬಿಡ್ಬೇಡಿ. ಹತ್ತೂವರೆ ಮೇಲೆ ಆಗ್ನೇಯದಲ್ಲಿ ಮರಗಳ ಮೇಲೆ ಒಂಟಿಯಾಗಿ ಬರುತ್ತೆ, ಪ್ರಕಾಶದಲ್ಲಿ ಲುಬ್ಧಕ ಬಿಟ್ರೆ ಅದೇ ಎರಡನೇದು. ದೆಹಲಿಯವ್ರಿಗೆ ಅದು ದಿಗಂತದಿಂದ ಒಂದು ಮುಷ್ಟಿ ಎತ್ತರಕ್ಕೂ ಸರಿಯಾಗಿ ಬರಲ್ಲ, ನಮಗೆ ಎರಡೂವರೆ ಮುಷ್ಟಿ ಬರುತ್ತೆ (ಕೈ ಚಾಚಿ ಮುಷ್ಟಿ ಹಿಡಿದ್ರೆ ಸುಮಾರು ಹತ್ತು ಡಿಗ್ರಿ). ಲಂಡನ್ನಿನವ್ರಿಗೆ ಕಾಣೋದೇ ಇಲ್ಲ. ಅದೇ ಲೆಕ್ಕದಲ್ಲಿ ಧ್ರುವ ನಕ್ಷತ್ರ ನಮಗೆ ಬಹಳ ಕೆಳಗೆ, ಉತ್ತರದಲ್ಲಿ ಒಂದು ಮುಷ್ಟಿ ಚಿಲ್ರೆ, ಗುಡ್ಡ ಅಡ್ಡ ಇದ್ರೆ ಆಸೆ ಬಿಡಿ.

ಹೇಮಾವತಿ_ದಂಡೆ · 14 ಡಿಸೆಂಬರ್

ಎಲ್ರಿಗೂ ದೊಡ್ಡ ಥ್ಯಾಂಕ್ಸ್. ಇಲ್ಲಿ ನೆಟ್‌ವರ್ಕ್ ಕಷ್ಟ, ಮಹಡಿ ಮೆಟ್ಲ ಮೇಲೆ ನಿಂತು ಟೈಪ್ ಮಾಡ್ತಿದೀನಿ.

ಹತ್ತು ಗಂಟೆಗೆ ಕಣದಲ್ಲಿ ಚಾಪೆ ಹಾಸಿದ್ವಿ. ನಾನು, ಮಗಳು, ಮಾವ, ಆಮೇಲೆ "ಚಳಿಲಿ ಸಾಯ್ತೀರಾ" ಅಂತ ಬೈಯ್ಯೋಕೆ ಬಂದ ಅಜ್ಜಿ. ಎರಡೂಕಾಲಿಗೆ ಮಂಜು ಎದ್ದು ಎಲ್ಲಾ ಮುಚ್ಕೊಳ್ತು, ಅಲ್ಲಿ ತನಕ ಮಗಳು ಬೆರಳು ಮಡಚಿ ಎಣಿಸಿದ್ದು 74. ಅದರಲ್ಲಿ ನಾಲ್ಕೈದರ ಬಗ್ಗೆ ನನಗೆ ಅನುಮಾನ ಇದೆ, ಜಗಳ ಆಗಿದೆ. ಒಂದಂತೂ ನೆತ್ತಿಯಿಂದ ಪಡುವಣ ಕಡೆ ಎಳ್ಕೊಂಡು ಹೋಯ್ತು, ಕಣದ ಸಿಮೆಂಟು ಒಂದು ಕ್ಷಣ ಬೆಳ್ಳಗಾದಂಗಾಯ್ತು, ನಾಯಿ ಬೊಗಳ್ತು. ಗುರುವಿನ ಚಂದ್ರ ಮೂರು ಕಂಡ್ವು.

ಆಮೇಲೆ ಮಗಳು ಅಜ್ಜಿನ ಮಲಗಿಸಿ ಮೇಷ್ಟ್ರು ಹೇಳ್ದಂಗೆ ಒಂದೊಂದೇ ತೋರಿಸಿದ್ಲು. ಕೃತ್ತಿಕೆ ಅಜ್ಜಿಗೆ ಗೊತ್ತಿತ್ತು, ಮಿಕ್ಕಿದ್ದು ಯಾವ್ದೂ ಗೊತ್ತಿರ್ಲಿಲ್ಲ. ರೋಹಿಣಿ ತೋರ್ಸಿ, 65 ಜ್ಯೋತಿರ್ವರ್ಷ ದೂರ ಅಜ್ಜಿ, ಈಗ ನೀವು ನೋಡ್ತಿರೋ ಬೆಳಕು 1960ರಲ್ಲಿ ಹೊರಟಿದ್ದು ಅಂದ್ಲು. ಅಜ್ಜಿ ಸ್ವಲ್ಪ ಹೊತ್ತು ಸುಮ್ನಿದ್ದು "ನಾನು ಈ ಮನೆಗೆ ಬಂದ ವರ್ಷ" ಅಂದ್ರು. ಆಮೇಲೆ ಆರಿದ್ರೆ ತೋರಿಸಿದ್ಲು. ಅಜ್ಜಿ ಕನ್ನಡಕ ಸರಿ ಮಾಡ್ಕೊಂಡು ನೋಡಿ, "ಇದಾ? ಇಷ್ಟೇಯಾ? ಈ ಕೆಂಡದ ಚೂರಿಗಾ ನಾನು ಅಷ್ಟು ವರ್ಷ ಕಂಬಳಿ ಕೊಪ್ಪೆ ಹಾಕ್ಕೊಂಡು ಗದ್ದೆಲಿ ನೆಂದಿದ್ದು?" ಅಂತ.

ಈಗ ಅಜ್ಜಿದೇ ಪ್ರಶ್ನೆ: ಸ್ವಾತಿ ಎಲ್ಲಿದೆ, ಚಿತ್ತೆ ಎಲ್ಲಿದೆ, ರಾತ್ರಿಯೆಲ್ಲಾ ಹುಡುಕಿದ್ವಿ ಸಿಗ್ಲಿಲ್ಲ.

ಚಾಕ್‌ಪೀಸ್_ಮೇಷ್ಟ್ರು

ಅವು ಅಕ್ಟೋಬರ್ ಮಳೆಗಳು, ಅದಕ್ಕೇ ಇನ್ನೂ ಸೂರ್ಯನಿಂದ ಅಷ್ಟು ದೂರ ಬಂದಿಲ್ಲ. ಬೆಳಗಿನ ಜಾವ ಎರಡೂವರೆ ಮೂರಕ್ಕೆ ಹುಟ್ತವೆ. ನಾಲ್ಕೂವರೆಗೆ ಮಂಜಿಲ್ದಿದ್ರೆ ಪೂರ್ವಕ್ಕೆ ನೋಡಿ, ಎಡಕ್ಕೆ ಕಿತ್ತಳೆ ಬಣ್ಣದ್ದು ಸ್ವಾತಿ, ಬಲಕ್ಕೆ ಬಿಳೀದು ಚಿತ್ತೆ. ನಾಳೆ ಬೆಳಗ್ಗೆ ಚಿತ್ತೆ ಆಸುಪಾಸಲ್ಲೇ ಸಣ್ಣ ಚಂದ್ರನೂ ಇರ್ತಾನೆ, ಹುಡುಕೋದು ಸುಲಭ. ಅಜ್ಜಿ ಹೆಂಗೂ ಒಲೆ ಹಚ್ಚೋಕೆ ಆ ಹೊತ್ತಿಗೆ ಎದ್ದಿರ್ತಾರಲ್ಲ, ಮಗಳನ್ನ ಅವ್ರೇ ಎಬ್ಬಿಸ್ಲಿ.

ರೊಬಸ್ಟಾ_ರಾಜ

ನಾಲ್ಕೂವರೆ ಅಂದ್ರೆ ಆನೆ ಗದ್ದೆಯಿಂದ ವಾಪಸ್ ಹೋಗೋ ಟೈಮು ಮೇಷ್ಟ್ರೇ. ಜಗಲಿ ಮೇಲಿಂದ್ಲೇ ನೋಡೋಕೆ ಹೇಳಿ.